ತೊಲೆಗಾಗಿ ತಗ್ಗಿದ ಕಾರು

ಮಹಾರಾಜರ ಆಳ್ವಿಕೆಯ ಆ ದಿನಗಳಲ್ಲಿ ಮಧುಗಿರಿಯ ಬೀದಿಗೆ ಕಾರು ಬಂತೆಂದರೆ ಮಕ್ಕಳೆಲ್ಲ ಉಣ್ಣುವ ತಟ್ಟೆ ಬಿಟ್ಟು ಓಡಿಬರುತ್ತಿದ್ದರು. ನೀವೂ ಹಾಗೆ ಓಡಿದವರೇ ಇರಬಹುದು. ನಾನು ಓಡಬೇಕಾಗಿರಲಿಲ್ಲ, ಕಾರು ನಮ್ಮದೇ. ಈ ವಯಸ್ಸಿನಲ್ಲಿ ಅದನ್ನೊಂದು ಸ್ವೀಟ್ ಮೆಮೊರಿ ಎನ್ನಬೇಕು. ಆದರೆ ನೆನೆದಾಗಲೆಲ್ಲ ನನಗೆ ಬರುವುದು ಸಿಟ್ಟು. ಪ್ಯೂರ್ ಸಿಟ್ಟು.

ನನಗಾಗ ಹತ್ತು ವರ್ಷ. ಬೆಂಗಳೂರಿನ ಕಾನ್ವೆಂಟಿನಿಂದ ಬೇಸಿಗೆ ರಜೆಗೆ ಬಂದಿದ್ದೆ. ತಾತ ಯಾರೋ ದೊರೆಯಿಂದ ಕೊಂಡ ಹಳೆಯ ಕಾರು ಅಂಗಳದಲ್ಲಿ ನಿಂತಿತ್ತು. ತಗಡಿನ ಟಾಪು, ಬೀರುವಿನಂಥ ಎತ್ತರ, ಒಳಗೆಲ್ಲ ಲೆದರ್ ಮತ್ತು ಪೆಟ್ರೋಲಿನ ವಾಸನೆ. ಅದನ್ನು ಗಾಡಿ ಕೊಟ್ಟಿಗೆಯೊಳಗೆ ನಿಲ್ಲಿಸಬೇಕು. ಆದರೆ ಬಾಗಿಲ ಮೇಲಿನ ತೊಲೆಗಿಂತ ಟಾಪು ಮೂರು ಬೆರಳು ಎತ್ತರ. ನೆಲ ಅಗೆಯೋಣವೆಂದರೆ ನಮ್ಮೂರಲ್ಲಿ ಒಂದು ಬೆರಳು ಅಗೆದರೆ ಬಂಡೆ. ತೊಲೆಯೋ, ತಾತನ ಅಪ್ಪ ಪೂಜೆ ಮಾಡಿ ಏರಿಸಿದ್ದು. ಆಯುಧಪೂಜೆಯ ದಿನ ಅದಕ್ಕೂ ಅರಿಶಿನ ಕುಂಕುಮ.

"ತೊಲೆ ಮುಟ್ಟಂಗಿಲ್ಲ. ಕಾರನ್ನೇ ಬಗ್ಗಿಸ್ಲಿ," ಎಂದರು ತಾತ.

"ಅಂಗಾರೆ ನಿಮ್ ಪೇಟಾನೂ ಒಸಿ ಬಗ್ಗಿಸ್ಕಳಿ, ಅದೂ ತಾಗ್ತೈತೆ," ಎಂದು ಅಜ್ಜಿ ಒಳಗಿನಿಂದಲೇ ಕುಟುಕಿದರು.

ಶಿರಾದಿಂದ ಬಂದು ಜಟಕಾ ನಿಲ್ಲುವ ಜಾಗದ ಪಕ್ಕ ಕುಲುಮೆ ಇಟ್ಟಿದ್ದ ಬಾಷಾ ಸಾಬರನ್ನು ಕರೆಸಿದರು. ಜಟಕಾಗಳ ಸ್ಪ್ರಿಂಗ್, ಅಂದರೆ ಕಮಾನು ಪಟ್ಟಿ, ಬಡಿಯುವುದರಲ್ಲಿ ಅವರದು ಎತ್ತಿದ ಕೈ. ಕಾರಿನಡಿ ಗೋಣಿ ಹಾಸಿ ನುಗ್ಗಿ, ಎದ್ದು ಬಂದು ತಲೆಯಾಡಿಸಿದರು.

"ಬ್ಯಾಡಿ ಗೌಡ್ರೇ. ಕಮಾನಿಂದ ಎರಡೆರಡು ಪಟ್ಟಿ ತೆಗುದ್ರೆ ಗಾಡಿ ತಗ್ತೈತೆ, ಸರಿ. ಹೊಟ್ಟೆ ನೆಲಕ್ಕೆ ಹತ್ರ ಆಯ್ತೈತಲ್ಲ? ಮುಂದಿನ ಚಕ್ರ ಎರಡನ್ನೂ ಜೋಡ್ಸಿರೋ ಸರಳಿಗೆ ಕಲ್ಲು ಬಡುದ್ರೆ ಕೆಲಸ ಕೆಡ್ತೈತೆ."

"ಹೇಳಿದ್ದು ಮಾಡಯ್ಯಾ."

ಎರಡು ದಿನ ನಾನು ಕುಂಟೆಬಿಲ್ಲೆ ಆಟ ಬಿಟ್ಟು ಅವರ ಅಸಿಸ್ಟೆಂಟ್ ಆದೆ. ಪಟ್ಟಿ ತೆಗೆದ ಮೇಲೆ ಸಾಬರು ಬಿದಿರು ಕಡ್ಡಿಯಿಂದ ಮುಂದಿನ ಚಕ್ರಗಳ ನಡುವಿನ ಅಂತರ ಅಳೆದರು: ಒಮ್ಮೆ ಚಕ್ರಗಳ ಮುಂಬದಿಯಲ್ಲಿ, ಒಮ್ಮೆ ಹಿಂಬದಿಯಲ್ಲಿ. ಕಡ್ಡಿಯ ಇನ್ನೊಂದು ತುದಿ ಹಿಡಿದವಳು ನಾನು. ಎರಡೂ ಅಳತೆಗೆ ಕಡ್ಡಿಯ ಮೇಲೆ ಹಾಕಿದ ಸೀಮೆಸುಣ್ಣದ ಗುರುತು ಕೂಡುವವರೆಗೆ ಸರಳನ್ನು ತಿರುಗಿಸಿ ತಿರುಗಿಸಿ ಅಳೆದರು.

"ಜೋಡೆತ್ತು ಒಂದೇ ಕಡೆ ನೋಡ್ಬೇಕು ಪಾಪಮ್ಮ. ಒಂದು ಮೇವಿನ ಕಡೆ, ಒಂದು ಮಾವನ ಮನೆ ಕಡೆ ನೋಡುದ್ರೆ ಗಾಡಿ ಹೋಗೋದೆಲ್ಲಿಗೆ?" ಎಂದು ನಕ್ಕು, ಜೇಬಿನಿಂದ ಹುರಿದ ಕಡಲೆಕಾಯಿ ಕೊಟ್ಟರು. ಅದಕ್ಕೆ ಕಬ್ಬಿಣದ ವಾಸನೆ ಅಂಟಿತ್ತು. ಅಷ್ಟು ರುಚಿಯಾದ ಕಡಲೆಕಾಯಿ ನಾನು ಮತ್ತೆ ತಿಂದಿಲ್ಲ.

ಕಾರು ತೊಲೆಯಡಿ ನುಸುಳಿತು. ಸಾಬರು ಹೊರಡುವಾಗ, "ನಿಧಾನಕ್ಕೆ ಓಡಿಸ್ಬೇಕು, ಭಾರ ಹೇರ್ಬಾರ್ದು," ಎಂದು ಎರಡು ಸಲ ಹೇಳಿದರು.

ನಾಲ್ಕೇ ದಿನಕ್ಕೆ ಕೊರಟಗೆರೆಯಿಂದ ಬರುವಾಗ ತಾತ ಹಿಂದಿನ ಸೀಟಿಗೆ ಎರಡು ಮೂಟೆ ಹುಣಸೆಹಣ್ಣು ಹೇರಿದರು. ನಾನು ಮುಂದೆ ತಾತನ ಪಕ್ಕದಲ್ಲಿ ಕೂತು ಉಪ್ಪು ಖಾರ ಸವರಿದ ಮಾವಿನಕಾಯಿ ಕಡಿಯುತ್ತಿದ್ದೆ. ಇಳಿಜಾರಿನಲ್ಲಿ ತಾತ ಜೋರು ಬಿಟ್ಟರು. ಅಡಿಯಲ್ಲಿ ಠಣ್ ಎಂದಿತು. ನಾಲಿಗೆ ಕಚ್ಚಿಕೊಂಡೆ.

"ಕಲ್ಲು, ತಾತ!"

"ಏನೂ ಆಗಿಲ್ಲ. ಸುಮ್ಕಿರು."

ಅಂದಿನಿಂದ ಕಾರು ಎಡಕ್ಕೇ ಎಳೆಯತೊಡಗಿತು. ಹದಿನೈದು ದಿನಕ್ಕೆ ಮುಂದಿನ ಟೈರುಗಳು ತುರಿಮಣೆಗೆ ಉಜ್ಜಿದಂತೆ ಸವೆದವು. ತಾತ ಕಾರನ್ನು ನೇರ ಕುಲುಮೆಯ ಮುಂದೆ ತಂದು ನಿಲ್ಲಿಸಿ, ಜಟಕಾದವರೆಲ್ಲ ಕೇಳುವಂತೆ ಕೂಗಾಡಿದರು. ಸಾಬರು ಕೆಳಗೆ ಇಣುಕಿ ನೋಡಿದರು.

"ಸರಳು ಬಗ್ಗೈತೆ ಗೌಡ್ರೇ. ಕಲ್ಲು ಬಡಿದ ಗಾಯ ನೋಡಿ, ಹೊಸದು."

"ಕಲ್ಲೂ ಇಲ್ಲ ಗಿಲ್ಲೂ ಇಲ್ಲ! ಜಟಕಾ ಬಡಿಯೋನ ಕೈಗೆ ಕಾರು ಕೊಟ್ಟೆನಲ್ಲ, ನನ್ ಬುದ್ಧಿಗಿಷ್ಟು! ಕೆಡಿಸ್ಬುಟ್ಟು ಈಗ ಕತೆ ಕಟ್ತೀಯೇನ್ಲಾ?"

ಸಾಬರು ನನ್ನ ಕಡೆ ತಿರುಗಿದರು. "ಪಾಪಮ್ಮ, ನೀವೂ ಗಾಡೀಲಿ ಇದ್ದಿರ್ಬೇಕಲ್ಲ. ಕಲ್ಲು ತಾಗಿತ್ತಾ ಇಲ್ವಾ, ಹೇಳ್ರವ್ವಾ. ನನ್ ಕೈ ಸರಿ ಇಲ್ಲ ಅಂತ ಊರು ಅಂದ್ರೆ ನಾನು ಬದುಕೋದು ಹೆಂಗೆ?"

ಆ ವರ್ಷ ಕಾನ್ವೆಂಟಿನಲ್ಲಿ ಮಾರಲ್ ಸೈನ್ಸಿಗೆ ಫಸ್ಟ್ ಪ್ರೈಜ್ ಬಂದದ್ದು ನನಗೇ. ಟ್ರುತ್ ಬಗ್ಗೆ ಎರಡು ಪುಟ ಬರೆದಿದ್ದೆ, ಇಂಗ್ಲಿಷಿನಲ್ಲಿ, ದುಂಡಗೆ. ತಾತ ನನ್ನನ್ನೇ ನೋಡುತ್ತಿದ್ದರು. ನಾನು ನನ್ನ ಶೂಸ್ ನೋಡಿಕೊಂಡೆ.

ಸಾಬರು ತಿರುಗಿ ಕುಲುಮೆಯ ಕಡೆ ಹೋದರು.

ತಾತನ ಮಾತು ಮೀರಿ ಆ ಕುಲುಮೆಗೆ ಕೆಲಸ ಕೊಡುವ ಧೈರ್ಯ ಯಾವ ಜಟಕಾದವನಿಗಿತ್ತು? ಮುಂದಿನ ರಜೆಗೆ ಬಂದಾಗ ಅಲ್ಲಿ ತಣ್ಣನೆಯ ಬೂದಿ ಇತ್ತು. ಶಿರಾಕ್ಕೇ ವಾಪಸು ಹೋದರಂತೆ. ಹೋಗಿ ಏನು ಮಾಡಿದರೋ, ನಮ್ಮ ಮನೆಯಲ್ಲಿ ಯಾರೂ ವಿಚಾರಿಸಲಿಲ್ಲ.

ಎಷ್ಟೋ ವರ್ಷದ ಮೇಲೆ ನನ್ನ ತಮ್ಮ ಅಂಗಡಿ ಮಾಡಿಸಲೆಂದು ಕೊಟ್ಟಿಗೆ ಕೆಡವಿಸಿದ. ದೇವರಂಥ ಆ ತೊಲೆಯನ್ನು ಗರಗಸದವನು ಕೊಯ್ದು ಮುಗಿಸಿದಾಗ ನನ್ನ ಲೋಟದ ಕಾಫಿ ಇನ್ನೂ ಆರಿರಲಿಲ್ಲ. ಮತ್ತೆ ಅದೇ ಸಿಟ್ಟು. ಇಷ್ಟೇ ಕೆಲಸವಾಗಿತ್ತಲ್ಲ!

ತಾತ ಇಲ್ಲ, ಕಾರು ಇಲ್ಲ, ಜಟಕಾಗಳೂ ಇಲ್ಲ. ಅವನ್ನೆಲ್ಲ ಕಳಕೊಂಡದ್ದಕ್ಕೆ ನಾನು ಅಳುವುದಿಲ್ಲ. ಹೌದು ಸಾಬರೇ, ಕಲ್ಲು ತಾಗಿತ್ತು. ನಾನು ಕಾರಿನಲ್ಲಿದ್ದೆ, ನನ್ನ ಕಿವಿಯಾರೆ ಕೇಳಿದೆ. ಈಗ ಎಷ್ಟು ಗಟ್ಟಿಯಾಗಿ ಬೇಕಾದರೂ ಹೇಳಬಲ್ಲೆ. ಕೇಳಲು ಆ ಕುಲುಮೆಯ ಮುಂದೆ ನಿಂತಿದ್ದವರಲ್ಲಿ ಒಬ್ಬರೂ ಉಳಿದಿಲ್ಲ.