ಹಸಿವಿನ ಟಾನಿಕ್

ಬ್ಯಾಂಕಿನಲ್ಲಿ ವರ್ಗವಾಗಿ ಕೊಚ್ಚಿಗೆ ಬಂದ ವರ್ಷವೇ ಹೆಂಡತಿಗೆ ಕ್ಯಾನ್ಸರ್. ಊಟ ಸೇರುತ್ತಿರಲಿಲ್ಲ. ಹಸಿವಾಗಲಿ ಎಂದು ಪಾಲಾರಿವಟ್ಟಂನ ಹೋಮಿಯೋ ಅಂಗಡಿಯಲ್ಲಿ ಆಲ್ಫಾಲ್ಫಾ ಟಾನಿಕ್ ಕೇಳಿದೆ.

"ಮಗುವಿಗೆಷ್ಟು ವಯಸ್ಸು?" ಎಂದರು ಅಂಗಡಿಯ ಅಕ್ಕ, ಅಲ್ಲಿಯವರ ಬಾಯಲ್ಲಿ ಚೇಚಿ.

"ಐವತ್ತೆರಡು. ನನ್ನ ಹೆಂಡತಿ."

"ಡಾಕ್ಟರನ್ನು ಕೇಳಿದಿರಾ?"

"ಇನ್ನು ಏನು ಬೇಕಾದರೂ ಕೊಡಿ ಅಂದಿದ್ದಾರೆ."

ಚೇಚಿ ಬಾಟಲಿ ಕಟ್ಟಿಕೊಟ್ಟರು.

ಮನೆಗೆ ಬಂದು, ಇದು ನಮ್ಮೂರ ಕುದುರೆ ಮಸಾಲೆ ಸೊಪ್ಪಿನದೇ ಎಂದು ಬಾಯಿಬಿಟ್ಟು ಕೆಟ್ಟೆ.

"ಎಮ್ಮಿಗೆ ಹಾಕೂ ಮೇವು ನನಗ್ಯಾಕ್ರೀ? ಮೊದಲ ನೀವು ಕುಡೀರಿ" ಎಂದಳು.

ಹಾಗೆ ದಿನಾ ನನಗೊಂದು ಚಮಚ, ಅವಳಿಗೊಂದು ಚಮಚ. ಬಾಟಲಿ ಮುಗಿಯಿತು. ಅವಳು ಈಗಲೂ ಗಂಜಿ ಕಂಡರೆ ಗೋಡೆಗೆ ಮುಖ ಮಾಡುತ್ತಾಳೆ. ಟಾನಿಕ್ಕನ್ನು ದೂರುವಂತಿಲ್ಲ, ನನಗಂತೂ ಹೊತ್ತುಗೊತ್ತಿಲ್ಲದೆ ಹಾಳು ಹಸಿವು.