ಬೇಡವೆಂದ ಇಪ್ಪತ್ತೇಳು

ಅಮೆರಿಕದ ಹರ್ನ್‌ಡನ್ನಿನಲ್ಲಿರುವ ಅಕ್ಕನ ಮನೆಗೆ ಭಾನುವಾರ ಊಟಕ್ಕೆ ಬಂದವರ ಕೈಗಳನ್ನು ನೋಡುತ್ತ ಕೂರುವುದು ನನಗೆ ಇಷ್ಟ. ಬಿಸಿಬೇಳೆಭಾತಿನ ಪಾತ್ರೆ ಹತ್ತಿರ ಬರುತ್ತಿದ್ದಂತೆ ಅಂಗೈಗಳು ತಟ್ಟೆಯ ಮೇಲೆ ಕೊಡೆ ಹಿಡಿಯುತ್ತವೆ. 'ಬೇಡ ಬೇಡ, ಆಗ್ಲೇ ಜಾಸ್ತಿ ಆಯ್ತು' ಎಂದು ಬಾಯಿ ಹೇಳುತ್ತದೆ. ಅಕ್ಕನ ಸೌಟು ಮಾತ್ರ ನಿಂತಲ್ಲೇ ಕಾಯುತ್ತದೆ. ಅವಳು ಇನ್ನೊಮ್ಮೆ ಅಂದಾಗ ಬೆರಳುಗಳು ಸಡಿಲವಾಗುತ್ತವೆ, ಮತ್ತೊಮ್ಮೆ ಅಂದಾಗ ಅಂಗೈ ಸರಿಯುತ್ತದೆ. ವಾರವಿಡೀ ಆಫೀಸಿನಲ್ಲಿ ಒಂದೇ ಸಾಲಿನ ಇಮೇಲಿನಲ್ಲಿ ಹೌದು, ಅಲ್ಲ ಎಂದು ಮುಗಿಸಿಬಿಡುವ ಇದೇ ಜನ, ಒಂದು ಸೌಟು ಅನ್ನಕ್ಕಾಗಿ ಇಷ್ಟು ಸಾವಕಾಶವಾಗಿ ಹಗ್ಗಜಗ್ಗಾಟ ಆಡುತ್ತಾರಲ್ಲ ಎಂದು ನಗು ಬರುತ್ತದೆ.

ನೀವೂ ಇದೇ ಪೈಕಿಯವರಿರಬಹುದು. ನಮ್ಮಲ್ಲಿ ಮೊದಲ 'ಬೇಡ' ಎಂದರೆ, ಹೊಸಿಲಾಚೆ ನಿಂತು ಒಳಗಿನವರು ಮತ್ತೊಮ್ಮೆ ಕರೆಯಲಿ ಎಂದು ಕಾಯುವ ಗಳಿಗೆ. ನನ್ನ ಬಾಳಿನ ಒಳ್ಳೆಯ ಸಂಗತಿಗಳೆಲ್ಲ ಈ ಎರಡನೆಯ ಕರೆಯಿಂದಲೇ ಬಂದಿವೆ. ಅಮೆರಿಕದ ಡರ್ಹಮ್ಮಿನಲ್ಲಿ ಸಾರ್ವಜನಿಕ ಆರೋಗ್ಯ ಓದುವ ಮಾತು ಬಂದಾಗಲೂ ಮೊದಲು ಬೇಡವೆಂದಿದ್ದೆ. 'ಅಪ್ಲೈ ಮಾಡಿದ್ಯಾ, ಇಲ್ವಾ?' ಎಂದು ಅಕ್ಕ ಬೆನ್ನು ಬಿಡಲಿಲ್ಲ. ಕೋವಿಡ್ಡಿನ ಗಲಾಟೆ ಮುಗಿದು ವಿಮಾನಗಳು ಎಂದಿನಂತೆ ಓಡಾಡತೊಡಗಿದ ಮೇಲೆ, ಕೊನೆಯ ಸೆಮಿಸ್ಟರನ್ನು ಇಟಲಿಯ ಬೊಲೊನ್ಯಾದಲ್ಲಿ ಓದುವ ಅವಕಾಶ ಬಂದಾಗಲೂ ಅದೇ ಕತೆ.

ಬೊಲೊನ್ಯಾವನ್ನು ನೋಡಿದೊಡನೆ ಮೆಚ್ಚಿದೆ. ಆ ಊರಿನಲ್ಲಿ ಬೀದಿಯ ಇಕ್ಕೆಲಕ್ಕೂ ಕಮಾನುಗಳ ಕೆಳಗೆ ಉದ್ದಾನುದ್ದ ಜಗಲಿ ಹರಿದಿದೆ. ಮಳೆಗಾಲದಲ್ಲೂ ಕೊಡೆಯಿಲ್ಲದೆ ಕಾಲೇಜಿಗೆ ಹೋಗಿಬರಬಹುದು. ನೂರಾರು ವರ್ಷ ವಿದ್ಯಾರ್ಥಿಗಳ ಚಪ್ಪಲಿ ತಾಗಿ ಮೆಟ್ಟಿಲುಗಳ ನಡುವೆ ಕುಳಿ ಬಿದ್ದಿದೆ. ನನ್ನಂಥ ಮಾತು ಕಡಿಮೆಯವಳಿಗೆ ಆ ಕುಳಿಯಲ್ಲಿ ಹೆಜ್ಜೆಯಿಡುವುದೇ ಒಂದು ಬಗೆಯ ಪರಿಚಯ ಮಾಡಿಕೊಂಡಂತೆ ಇತ್ತು. ಅಲ್ಲಿ ನಾನು ತೆಗೆದುಕೊಂಡದ್ದು ವೈದ್ಯಕೀಯದ ಇತಿಹಾಸ. ಅದರ ಅಂಕ ಡರ್ಹಮ್ಮಿಗೆ ಹೋಗದಿದ್ದರೆ ನನಗೆ ಪದವಿಯಿಲ್ಲ. ಪದವಿಯಿಲ್ಲದಿದ್ದರೆ ಅಲ್ಲಿ ಒಪ್ಪಿಕೊಂಡು ಬಂದಿದ್ದ ಕೆಲಸವಿಲ್ಲ. ಕೆಲಸವಿಲ್ಲದಿದ್ದರೆ ಅಮೆರಿಕದಲ್ಲಿ ಉಳಿಯುವಂತಿಲ್ಲ.

ಪರೀಕ್ಷೆ ಬರೆಯುವುದಲ್ಲ, ಹೇಳುವುದು. ಅಡಿಷನಲ್ ಶೀಟುಗಳನ್ನು ದಾರ ಕಟ್ಟಿ ಪೇರಿಸಿಯೇ ರ‍್ಯಾಂಕು ಪಡೆದವಳು ನಾನು. ಇಲ್ಲಿ ಪ್ರೊಫೆಸರರ ಎದುರು ಕುರ್ಚಿ ಹಾಕಿಕೊಂಡು ಕೂರಬೇಕು, ಸರದಿಗಾಗಿ ಕಾದವರೆಲ್ಲ ಹಿಂದಿನ ಬೆಂಚುಗಳಿಂದ ಕೇಳುತ್ತಿರುತ್ತಾರೆ. ಮುಗಿದೊಡನೆ ಪ್ರೊಫೆಸರು ಅಂಕವನ್ನು ಬಾಯಲ್ಲೇ ಹೇಳಿ, ಒಪ್ಪಿಗೆಯೇ ಎಂದು ಕೇಳುತ್ತಾರೆ. ಇಷ್ಟವಿಲ್ಲದಿದ್ದರೆ ನಿರಾಕರಿಸಿ ಮುಂದಿನ ಪರೀಕ್ಷೆಗೆ ಬರುವುದು ವಿದ್ಯಾರ್ಥಿಯ ಹಕ್ಕು. ಇದನ್ನು ನಾನು ಕೇಳಿದ್ದೆ, ನಂಬಿರಲಿಲ್ಲ.

ಪ್ರೊಫೆಸರು ಬೆಳ್ಳಿಕೂದಲಿನ ಹಿರಿಯ ಹೆಂಗಸು. ನಾನು ಚೆನ್ನಾಗಿಯೇ ಹೇಳಿದೆ. ಅವರು ಕನ್ನಡಕ ತೆಗೆದು, "ಮೂವತ್ತಕ್ಕೆ ಇಪ್ಪತ್ತೇಳು. ತೆಗೆದುಕೊಳ್ಳುತ್ತೀರಾ?" ಎಂದು ನಕ್ಕರು. ಹಿರಿಯರು ಅಕ್ಕರೆಯಿಂದ ಏನನ್ನಾದರೂ ಮುಂದೆ ಹಿಡಿದಾಗ ನನ್ನ ನಾಲಗೆ ಏನು ಹೇಳುತ್ತದೋ ಅದನ್ನೇ ಹೇಳಿತು. ತಲೆ ತಗ್ಗಿಸಿ, ಸಂಕೋಚದಿಂದ, "ಅಯ್ಯೋ, ಬೇಡ ಬೇಡ" ಎಂದೆ, ಇಂಗ್ಲಿಷಿನಲ್ಲಿ. ಎರಡನೆಯ ಸಲ ಕೇಳಲಿ ಎಂದು ಕಾದೆ. ಅವರು ಗೌರವದಿಂದ ತಲೆಯಾಡಿಸಿ, ತಮ್ಮ ಹಾಳೆಯಲ್ಲಿ ಬರೆದುಕೊಂಡಿದ್ದ ಅಂಕವನ್ನು ಗೀಟು ಹಾಕಿ ಹೊಡೆದು, "ಮೂರು ವಾರ ಬಿಟ್ಟು ಬನ್ನಿ" ಎಂದು ಮುಂದಿನವರನ್ನು ಕರೆದರು. ಹಿಂದಿನ ಬೆಂಚುಗಳಲ್ಲಿ ಮೆಚ್ಚುಗೆಯ ಗುಸುಗುಸು. ಇಪ್ಪತ್ತೇಳನ್ನೂ ಬೇಡವೆನ್ನುವ ಛಲಗಾತಿ ಎಂದು ನನ್ನನ್ನು ತಿಳಿದರು. ಹೊಡೆದುಹಾಕಿದ್ದನ್ನು ಮತ್ತೆ ಬರೆಯುವಂತಿಲ್ಲ ಎಂದು ಆಫೀಸಿನವರೂ ಹೇಳಿದರು.

ಅಕ್ಕನಿಗೆ ಫೋನ್ ಮಾಡಿದೆ.

"ಬೇಡ ಅಂದ್ಯಾ? ಮಾರ್ಕ್ಸ್‌ನಾ?"

"ಇನ್ನೊಂದ್ಸಲ ಕೇಳ್ತಾರೆ ಅಂದ್ಕೊಂಡೆ ಕಣೇ."

ಆ ಕಡೆಯಿಂದ ನಗುವೋ ನಗು. "ರೀ, ಬನ್ನಿ ಇಲ್ಲಿ! ಇವಳು ಇಟಲಿಗೆ ಉಪಚಾರ ಮಾಡಿಸ್ಕೊಳ್ಳೋಕೆ ಹೋಗಿದ್ದಾಳೆ!" ಹಿಂದಿನಿಂದ ಅವಳ ಎಂಟು ವರ್ಷದ ಮಗಳು ಕೂಗಿದಳು: "ಚಿಕ್ಕಮ್ಮ, ಜಸ್ಟ್ ಸೇ ಯೆಸ್!"

ಆ ಮೂರು ವಾರ ಜಗಲಿಗಳ ಉದ್ದಕ್ಕೂ ನಡೆಯುತ್ತ ಇದನ್ನೇ ಯೋಚಿಸಿದೆ. ಪ್ರೊಫೆಸರರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ನನ್ನ ಮಾತನ್ನು ಮೊದಲ ಸಲಕ್ಕೇ ನಂಬಿದವರು ಅವರು. ಈ ಹುಡುಗಿಗೆ ತನಗೇನು ಬೇಕೆಂಬುದು ತಿಳಿದಿದೆ ಎಂದುಕೊಂಡವರು. ಅದೂ ಒಂದು ಅಕ್ಕರೆಯೇ. ಅಕ್ಕನದು ಇನ್ನೊಂದು ಬಗೆ: ನನ್ನ ಮಾತನ್ನು ಅವಳೆಂದೂ ನಂಬಿದವಳಲ್ಲ, ಮುಖವನ್ನು ನಂಬಿದಳು. ಅದರ ಬಿಸುಪಿನಲ್ಲಿ ಬೆಳೆದ ನಾನು, ನನ್ನ ಆಸೆಗಳನ್ನು ಆಡಿ ತೋರಿಸುವ ಕೆಲಸವನ್ನು ಅವಳಿಗೇ ಒಪ್ಪಿಸಿ ಹಾಯಾಗಿದ್ದೆ. ನನಗೆ ಬೇಕಾದದ್ದನ್ನು ಬೇಕು ಎಂದು ನಾನೇ ಎಂದಾದರೂ ಅಂದದ್ದುಂಟೇ ಎಂದು ಹುಡುಕಿದರೆ, ನೆನಪಿಗೆ ಏನೂ ಸಿಗಲಿಲ್ಲ.

ಎರಡನೆಯ ಸಲ ಪ್ರಶ್ನೆಗಳು ಕಠಿಣವಾಗಿದ್ದವು. ಛಲಗಾತಿಯ ಕೀರ್ತಿ ಅವರಿಗೂ ನೆನಪಿತ್ತೆಂದು ಕಾಣುತ್ತದೆ. ಒಂದು ಉತ್ತರ ಅರ್ಧಕ್ಕೇ ನಿಂತಿತು.

"ಇಪ್ಪತ್ತಾರು," ಎಂದರು ಕೊಂಚ ನೊಂದು. "ತೆಗೆದುಕೊಳ್ಳು..."

"ಬೇಕು," ಎಂದೆ, ಅವರ ಮಾತು ಮುಗಿಯುವ ಮುನ್ನವೇ. ದನಿ ಹಿಂದಿನ ಬೆಂಚಿನವರೆಗೂ ಕೇಳಿತು.

ಹೊರಗೆ ಬಂದು ಫೋನ್ ಮಾಡಿದರೆ ಅಕ್ಕನ ಮೊದಲ ಮಾತು, "ಒಂದು ಕಮ್ಮಿನಾ? ಈ ಸಲ ಬೇಡ ಅನ್ಬೇಕಿತ್ತು ಕಣೇ!" ಅವಳ ನಗು ತಣಿಯುವವರೆಗೆ ಕಾದೆ.

"ಸರಿ, ಫ್ಲೈಟ್ ಯಾವತ್ತು?" ಎಂದಳು.

ಪ್ರತಿ ಸಲವೂ ನಾನು, ನೀನು ಬರೋದು ಬೇಡ, ಕ್ಯಾಬ್ ಹಿಡಿದು ಬರ್ತೀನಿ ಎನ್ನುತ್ತೇನೆ. ಪ್ರತಿ ಸಲವೂ ಅವಳು ಬಂದೇ ಬಂದಿರುತ್ತಾಳೆ.

"ಶನಿವಾರ ಮಧ್ಯಾಹ್ನ. ಅಕ್ಕ, ನೀನು ಏರ್‌ಪೋರ್ಟಿಗೆ ಬಾ. ನೀನೇ ಬರ್ಬೇಕು, ನಂಗೆ ಆಸೆ."

ಅಕ್ಕ ತೀರ ಸಣ್ಣ ದನಿಯಲ್ಲಿ, "ಯಾಕೇ, ಮೈಗೆ ಹುಷಾರಿಲ್ವಾ?" ಎಂದಳು. ಚೆನ್ನಾಗಿದ್ದೀನಿ ಎಂದರೂ ನಂಬದೆ, ಫ್ಲೈಟ್ ಇಳಿಯುವ ಒಂದು ಗಂಟೆ ಮೊದಲೇ ಬಂದು ನಿಂತಿರುವುದಾಗಿ ಹೇಳಿ ಫೋನಿಟ್ಟಳು.