ಎರಡು ಪೆಂಡಾಲಿಗೆ ಒಂದೇ ಸಾಲು ಕಂಬ

ಬೆಳಗಾವಿಯಲ್ಲಿ ಅಧಿವೇಶನ ಸೇರುವ ಚಳಿಗಾಲವೆಂದರೆ ಪೆಂಡಾಲಿನ ಸನಾಉಲ್ಲಾನಿಗೆ ಸುಗ್ಗಿ. ಸೌಧದ ಹೊರಗಿನ ಬಯಲಿನಲ್ಲಿ ಧರಣಿ ಕೂರುವವರಿಗೆಲ್ಲ ಅವನೇ ನೆರಳು ಕಟ್ಟುತ್ತಿದ್ದ. ಯಾರ ಕೂಗಿಗೂ ದನಿಗೂಡಿಸಿದವನಲ್ಲ. ಆದರೆ ಒಳಗೆ ಕೂತವರ ಮೇಲೆ ಅವನಿಗೊಂದು ನಂಬಿಕೆಯಿತ್ತು: ಮಾತು ಸದನದೊಳಗೆ ಹೋದರೆ ಸಾಕು, ಉತ್ತರ ಬಂದೇ ಬರುತ್ತದೆ.

ಕಳೆದ ಅಧಿವೇಶನದಲ್ಲಿ ಆ ನಂಬಿಕೆಯನ್ನು ಅವನು ಒಂದು ಊರಿಗೇ ಹಂಚಿದ.

ಮಗಳು ಮಹೇಕಳನ್ನು ಖಾನಾಪುರ ತಾಲೂಕಿನಲ್ಲಿ, ಗುಂಜಿಯಾಚೆಯ ಕಾಡಂಚಿನ ಹಳ್ಳಿಗೆ ಕೊಟ್ಟಿದ್ದ. ಮಳೆಗಾಲದಲ್ಲಿ ಹಳ್ಳ ಉಕ್ಕಿದರೆ ಆ ಊರಿಗೆ ದಾರಿಯಿಲ್ಲ. ಆ ವರ್ಷದ ಆಷಾಢದಲ್ಲಿ ಹೆರಿಗೆ ನೋವು ಬಂದವಳನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ತಂದವರು ದಂಡೆಯಲ್ಲೇ ನಿಂತರು. ನೀರು ಇಳಿಯುವ ಹೊತ್ತಿಗೆ ಕೂಸು ಉಳಿದಿರಲಿಲ್ಲ. ಅಧಿವೇಶನದ ಹೊತ್ತಿಗೆ ಅವಳು ಮತ್ತೆ ಬಸುರಿ. ಮುಂದಿನ ಮಳೆಯೊಳಗೆ ಸಣ್ಣದೊಂದು ಸೇತುವೆ ಬೇಕೆಂದು ಊರವರು ಧರಣಿಗೆ ಹೊರಟಿದ್ದರು.

ತಡೆದವನು ಸನಾಉಲ್ಲಾ. ಪರಿಚಯದ ಸದಸ್ಯರೊಬ್ಬರು ಸೇತುವೆಯ ಪ್ರಶ್ನೆ ಕೇಳಲು ಒಪ್ಪಿದ್ದರು. ಬುಧವಾರದ ಪ್ರಶ್ನೋತ್ತರಕ್ಕೆ ಅದು ಸೇರಿಯೂ ಇತ್ತು. ಊರ ಹೆಂಗಸರಿಗೆ ಹಿರಿಯಳಾದ, ಮಹೇಕಳ ನೆರೆಮನೆಯ ಶಿವಲಿಂಗವ್ವ ಅನುಮಾನಪಟ್ಟಾಗ ಅವನು ಅಂದಿದ್ದ: "ಬಿಸಲಾಗ ಯಾಕ ಕುಂದರ್ತೀರಿ ಅಕ್ಕಾರ? ನನ್ನ ಮಗಳ ಜೀವಾನೂ ಅದರಾಗ ಐತಿ. ಮಾತು ಒಳಗ ಹೋಗೈತಿ, ನನ್ನ ಮ್ಯಾಲ ಬಿಡ್ರಿ."

ಮಂಗಳವಾರ ಸದನದಲ್ಲಿ ಯಾರೋ ಯಾರಿಗೋ ಏನೋ ಅಂದರು. ಕ್ಷಮೆ ಕೇಳಿ ಎಂದು ಒಂದು ಪಕ್ಷ, ಮೊದಲು ನೀವು ಕೇಳಿ ಎಂದು ಇನ್ನೊಂದು. ಬುಧವಾರ ಗದ್ದಲದಲ್ಲೇ ಕಲಾಪ ಮುಂದೂಡಿದರು, ಗುರುವಾರವೂ. ಶುಕ್ರವಾರ ಎರಡೂ ಪಕ್ಷದವರು ಹೊರಗೆ ಬಂದು, ಸದನ ನಡೆಯಗೊಡದ ಎದುರಿನವರ ವಿರುದ್ಧ ಧರಣಿ ಹೂಡಿದರು. ಇಬ್ಬರೂ ಕರೆಸಿದ್ದು ಸನಾಉಲ್ಲಾನನ್ನೇ. ಜಾಗ ಇಕ್ಕಟ್ಟು. ನಡುವೆ ಒಂದೇ ಸಾಲು ಕಂಬ ನೆಟ್ಟು, ಬಟ್ಟೆಯ ಗೋಡೆ ಎಳೆದು, ಅದನ್ನೇ ಎರಡು ಪೆಂಡಾಲು ಮಾಡಿದ.

"ಅವರ ಕಂಬಕ್ಕ ನಮ್ಮ ಹಗ್ಗ ಕಟ್ಟೀಯಲ್ಲೊ, ನೀ ಯಾವ ಪಾರ್ಟಿ?" ಎಂದು ಕಾರ್ಯಕರ್ತನೊಬ್ಬ ಚೇಷ್ಟೆ ಮಾಡಿದ.

ಸೇತುವೆಯ ಮಾತೆತ್ತಿದಾಗ ಪರಿಚಯದ ಸದಸ್ಯರು ಬಟ್ಟೆಯತ್ತ ಕೈ ತೋರಿಸಿ, ಅವರನ್ನು ಕೇಳು ಎಂದರು. ಆ ಬದಿಗೆ ಹೋದ. ಅವರೂ ಅದೇ ಬಟ್ಟೆಯತ್ತ ಕೈ ತೋರಿಸಿದರು. ಮಧ್ಯಾಹ್ನ ಗಾಳಿಗೆ ಬಟ್ಟೆ ಸರಿದಾಗ ಎರಡೂ ಕಡೆಯ ಮುಂದಿನ ಸಾಲಿನವರು ಒಬ್ಬರನ್ನೊಬ್ಬರು ಕಂಡು ನಕ್ಕರು. ಆಮೇಲೆ, ಸರಿಯಾಗಿ ಕಟ್ಟಬಾರದೇ ಎಂದು ಇಬ್ಬರೂ ಅವನನ್ನೇ ಗದರಿದರು.

ಸಂಜೆ ಸದನವನ್ನು ಅನಿರ್ದಿಷ್ಟ ಕಾಲಕ್ಕೆ ಮುಂದೂಡಲಾಯಿತು.

ಬೇಸಿಗೆ ಕಳೆದು ಪಡುವಣದಲ್ಲಿ ಮೋಡ ಕಟ್ಟತೊಡಗಿದಾಗ ಸನಾಉಲ್ಲಾ ಟೆಂಪೊ ತೆಗೆದುಕೊಂಡು ಮಗಳನ್ನು ಬೆಳಗಾವಿಗೆ ಕರೆತರಲು ಹೋದ. ಹಳ್ಳದಲ್ಲಿ ಇನ್ನೂ ಪಾದ ಮುಳುಗುವಷ್ಟೇ ನೀರು. ಊರಿನ ಕಟ್ಟೆಯ ಮೇಲೆ ಮೊದಲಿನಂತೆ ಆ ಪಕ್ಷ ಈ ಪಕ್ಷ ಎಂಬ ಜಗಳವಿರಲಿಲ್ಲ. ಚುನಾವಣೆಯ ಮಾತು ಬಂದರೆ ಜನ ಎದ್ದು ಹೋಗುತ್ತಿದ್ದರು. ಶಿವಲಿಂಗವ್ವ ಮಹೇಕಳ ಬಟ್ಟೆಗಂಟು ಹೊತ್ತು ಹಳ್ಳದವರೆಗೆ ಬಂದಳು. ಹಿಂದೆ ಅವಳ ಸೊಸೆ, ಅವಳೂ ತುಂಬು ಬಸುರಿ.

ಸನಾಉಲ್ಲಾ ಆ ಸದಸ್ಯರನ್ನು ಬೈದ, ಎರಡೂ ಪಕ್ಷಗಳನ್ನು ಬೈದ. ಶಿವಲಿಂಗವ್ವ ಗಂಟನ್ನು ಅವನ ಕೈಗಿತ್ತು ಹೇಳಿದಳು: "ಅವರ ಮಾರೀನ ನಾವು ನೋಡಿಲ್ರಿ, ಸಾಬ್ರ. ನಂಬಿದ್ದು ನಿಮ್ಮನ್ನ."

ಟೆಂಪೊದಲ್ಲಿ ಜಾಗವಿದೆ, ಸೊಸೆಯನ್ನೂ ಕಳಿಸಿ ಎಂದು ಅವನು ಕರೆದ. ಅಷ್ಟರಲ್ಲಿ ಅವಳು ಸೊಸೆಯ ಕೈ ಹಿಡಿದು ಊರ ಕಡೆ ತಿರುಗಿದ್ದಳು.